ಅವ್ವನ ಆರೈಕೆಗೆ ತಿಂಗಳಿಗೆ 24,000: ಎಲ್ಲಿಂದ ತರೋದು?

ಪ್ರಶ್ನೆ: ಅವ್ವನಿಗೆ 72 ವರ್ಷ. ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದಿವೆ. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಿದ್ದೇವೆ. ಊಟ ಬಾಯಿಂದಲೇ ಮಾಡ್ತಾರೆ, ಮೂತ್ರಕ್ಕೆ ಪೈಪ್ ಹಾಕಿದ್ದಾರೆ. ಏಜೆನ್ಸಿಯೊಂದು 24 ತಾಸಿನ ಹೋಮ್ ನರ್ಸ್‌ಗೆ ತಿಂಗಳಿಗೆ 24,000 ಕೇಳುತ್ತಿದೆ, ಊಟ ವಸತಿ ನಮ್ಮದೇ. ನಾವು ಭತ್ತ ಬೆಳೆಯುವವರು, ತಿಂಗಳಾ ತಿಂಗಳಾ ಅಷ್ಟು ಹಣ ಎಲ್ಲಿಂದ ತರೋದು? ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಮ್ಮ ‘ಇನ್ಶೂರೆನ್ಸ್‌ನಲ್ಲಿ ಬರುತ್ತೆ, ಕೇಳು’ ಅಂತಾನೆ. ಬರುತ್ತಾ?
– ಹೆಸರು ಬೇಡ, ಸಿಂಧನೂರು

ಉತ್ತರ: ಇನ್ಶೂರೆನ್ಸ್ ಮಾತು ಮೊದಲು ಮುಗಿಸಿಬಿಡೋಣ. ಬರಲ್ಲ ಅಂತಲೇ ಲೆಕ್ಕ ಹಾಕಿ. ಆಯುಷ್ಮಾನ್ ಕಾರ್ಡಿನ 5 ಲಕ್ಷ ಇರುವುದು ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ, ತಪಾಸಣೆ ಅದರಲ್ಲಿ ಸೇರುತ್ತದೆ, ಅಷ್ಟೇ. ಖಾಸಗಿ ಪಾಲಿಸಿಗಳಲ್ಲಿ ‘ಡೊಮಿಸಿಲಿಯರಿ’ ಅಂತ ಒಂದು ಸಾಲು ಇರುತ್ತದೆ, ನಿಮ್ಮ ತಮ್ಮ ಅದನ್ನೇ ನೋಡಿರಬೇಕು. ಆಸ್ಪತ್ರೆಗೆ ಸೇರಿಸಲೇಬೇಕಾದ ರೋಗಿಯನ್ನು ಸಾಗಿಸಲು ಆಗದೆ, ಇಲ್ಲವೇ ಬೆಡ್ ಸಿಗದೆ, ಮನೆಯಲ್ಲೇ ಚಿಕಿತ್ಸೆ ಕೊಟ್ಟರೆ ಅದು ಅನ್ವಯಿಸುತ್ತದೆ. ಮೈ ಒರೆಸೋದಕ್ಕೆ, ಎಬ್ಬಿಸಿ ಕೂರಿಸೋದಕ್ಕೆ ಸಾಮಾನ್ಯವಾಗಿ ಯಾರೂ ದುಡ್ಡು ಕೊಡಲ್ಲ.

ಈಗ ಆ 24,000. ‘ಹೋಮ್ ನರ್ಸ್’ ಅಂತ ಬರುವವರಲ್ಲಿ ಎಷ್ಟೋ ಜನ ನರ್ಸಿಂಗ್ ಓದಿದವರಲ್ಲ, ಆರೈಕೆ ಕೆಲಸ ಕಲಿತ ಅಟೆಂಡರ್‌ಗಳು. ಅದರಲ್ಲಿ ತಪ್ಪೇನಿಲ್ಲ, ಅವ್ವನಿಗೆ ದಿನವಿಡೀ ಬೇಕಾಗಿರುವುದೂ ಅವರೇ. ಆದರೆ ನರ್ಸ್ ರೇಟು ಕೊಟ್ಟು ಅಟೆಂಡರನ್ನು ಯಾಕೆ ಇಟ್ಟುಕೊಳ್ಳಬೇಕು? ಅವ್ವನ ಒಂದು ದಿನವನ್ನು ಹಾಳೆಯ ಮೇಲೆ ಬರೆದು ನೋಡಿ. ಬೆಳಿಗ್ಗೆ ಮೈ ಒರೆಸಿ ಬಟ್ಟೆ ಬದಲಿಸಬೇಕು, ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಮಾಡಬೇಕು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿಯೇ ಉಣಿಸಬೇಕು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಮೊದಲು ಕೆಂಪಾಗಿ ಆಮೇಲೆ ಹುಣ್ಣಾಗುತ್ತದೆ, ಆ ಹುಣ್ಣಿನ ಡ್ರೆಸ್ಸಿಂಗ್ ಖರ್ಚು ಶುರುವಾದರೆ ನೀವು ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಏರ್ ಬೆಡ್ ತಂದರೂ ಮಗ್ಗಲು ಬದಲಿಸೋದು ತಪ್ಪಲ್ಲ. ಬಿದ್ದ ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು. ಫಿಸಿಯೋಥೆರಪಿಯವರನ್ನು ಮೊದಮೊದಲು ಮನೆಗೆ ಕರೆಸಿ, ಅವರು ಮಾಡಿಸೋದನ್ನು ಪಕ್ಕದಲ್ಲೇ ನಿಂತು ಕಲಿತುಕೊಳ್ಳಿ.

ಇಷ್ಟರಲ್ಲಿ ನರ್ಸ್ ಬೇಕಾಗುವುದು ಮುಖ್ಯವಾಗಿ ಪೈಪ್ ಬದಲಿಸಲು. ಅದಕ್ಕೆ ಊರಲ್ಲೇ ನರ್ಸ್ ಒಬ್ಬರನ್ನು ಗೊತ್ತು ಮಾಡಿಕೊಂಡು, ಬಂದಾಗ ಬಂದಾಗ ದುಡ್ಡು ಕೊಟ್ಟರಾಯಿತು. ಇನ್ನು ‘24 ತಾಸು’ ಅನ್ನುವುದನ್ನು ನಂಬಬೇಡಿ. ಬರುವವರೂ ಮನುಷ್ಯರೇ, ರಾತ್ರಿ ಮಲಗ್ತಾರೆ. ಹಗಲು 12 ತಾಸಿಗೆ ಸಿಂಧನೂರಿನಲ್ಲೇ ಒಬ್ಬ ಹೆಣ್ಣುಮಗಳು ಸಿಕ್ಕರೆ ಊಟ ವಸತಿಯ ಖರ್ಚೂ ಕಡಿಮೆ. ಏಜೆನ್ಸಿಯೇ ಆಗಬೇಕು ಅಂದ್ರೆ, ಅಡ್ವಾನ್ಸ್ ಕೊಡುವ ಮೊದಲು ಬಂದವರು ರಜೆ ಹಾಕಿದರೆ ಬದಲಿ ಎಷ್ಟು ದಿನದಲ್ಲಿ ಬರ್ತಾರೆ, ಸರಿಹೋಗದಿದ್ರೆ ಹಣ ವಾಪಸ್ ಇದೆಯಾ ಅಂತ ಬರವಣಿಗೆಯಲ್ಲೇ ಕೇಳಿ. ಬಾಯಿಮಾತು ಬೇಡ.

ಸಣ್ಣ ಖರ್ಚುಗಳೇ ಜಾಸ್ತಿ ಕಚ್ಚುತ್ತವೆ. ಡಯಾಪರ್ ಒಂದಕ್ಕೆ 40 ರೂಪಾಯಿ ಹಿಡಿದು ದಿನಕ್ಕೆ ಎರಡು ಅಂದ್ರೂ ತಿಂಗಳಿಗೆ 2,400. ಸಂಧ್ಯಾ ಸುರಕ್ಷಾ ಪಿಂಚಣಿ 1,200 ಬಂದರೆ ಅದರಲ್ಲಿ ಅರ್ಧ ತೀರುತ್ತದೆ. ಆದಾಯದ ಮಿತಿ ಇದೆ, ನಾಡಕಚೇರಿಯಲ್ಲಿ ವಿಚಾರಿಸಿ.

ಹಣ ಎಲ್ಲಿಂದ ಅಂದರೆ, ನಿಮಗೆ ದುಡ್ಡು ಬರೋದು ಸುಗ್ಗಿಯಲ್ಲಿ, ಎರಡನೇ ಬೆಳೆಗೆ ಕಾಲುವೆ ನೀರು ಬಂದರೆ ಇನ್ನೊಂದು ಸಲ. ಖರ್ಚು ಮಾತ್ರ ತಿಂಗಳಾ ತಿಂಗಳಾ. ಈ ನಡುವಿನ ತಿಂಗಳುಗಳಿಗೆ ದಲಾಲಿ ಅಂಗಡಿಯಲ್ಲಿ ಬಡ್ಡಿಗೆ ತರಬೇಡಿ. ಸಂಬಳ ಬರುವ ನಿಮ್ಮ ತಮ್ಮ ಅಟೆಂಡರ್ ಪಗಾರವನ್ನು ತಿಂಗಳಾ ತಿಂಗಳಾ ಕಟ್ಟಲಿ; ಮಂಚ, ಗಾಲಿಕುರ್ಚಿ, ಏರ್ ಬೆಡ್ ಥರದ ಒಮ್ಮೆಲೇ ಬರುವ ಖರ್ಚು ನಿಮ್ಮದಾಗಲಿ. ಅವನಿಗೂ ಒಂದು ಅನುಕೂಲ ಇದೆ. ಅವ್ವ ಅವನನ್ನೇ ಅವಲಂಬಿಸಿದ್ದು, ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ, ಹಳೆ ತೆರಿಗೆ ಪದ್ಧತಿಯಲ್ಲಿ ಅವನ ಆದಾಯದಿಂದ 75,000 ಕಳೆಯಬಹುದು, ಶೇ. 80 ಅಥವಾ ಹೆಚ್ಚಿದ್ದರೆ 1.25 ಲಕ್ಷ. ಹೊಸ ಪದ್ಧತಿಯಲ್ಲಿ ಇದು ಇಲ್ಲ.

ಒಂದು ಮಾತು ಕೇಳಲೇಬೇಕು. ಈಗ ಅವ್ವನನ್ನು ನೋಡಿಕೊಳ್ಳುತ್ತಿರೋದು ಯಾರು? ಪತ್ರದಲ್ಲಿ ಬರೆದಿಲ್ಲ. ನಿಮ್ಮ ಹೆಂಡತಿ ಇರಬೇಕು ಅಂದುಕೊಂಡಿದ್ದೇನೆ. ಹಾಗಿದ್ದರೆ ಅಣ್ಣತಮ್ಮಂದಿರು ಲೆಕ್ಕಕ್ಕೆ ಕೂತಾಗ ಆಕೆಯ ರಾತ್ರಿ ಪಾಳಿಯನ್ನೂ ನಿಮ್ಮ ಪಾಲಿನಲ್ಲಿ ಬರೆಯಿರಿ, ಮತ್ತು ವಾರದಲ್ಲಿ ಎರಡು ರಾತ್ರಿಯಾದರೂ ನೀವು ಏಳಿ.

ಪ್ರಶ್ನೆ: ಹಾಸಿಗೆ ಹಿಡಿದ ಅಪ್ಪ ನನ್ನ ಮನೆಯಲ್ಲಿದ್ದಾರೆ. ಹೊಲ ಮನೆ ಅಣ್ಣಂದಿರ ಹೆಸರಿಗೆ ಆಗಿದೆ, ಖರ್ಚು ಕೇಳಿದರೆ ಫೋನ್ ಎತ್ತಲ್ಲ.
– ಒಬ್ಬ ಮಗಳು, ಗಂಗಾವತಿ

ಉತ್ತರ: ತಂಗೀ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಇರೋದೇ ಇದಕ್ಕೆ. ಕೊಪ್ಪಳದ ಉಪವಿಭಾಗಾಧಿಕಾರಿ ಕಚೇರಿಗೆ, ಅಂದ್ರೆ ಎಸಿ ಆಫೀಸಿಗೆ, ಅಪ್ಪನ ಹೆಸರಲ್ಲಿ ಅರ್ಜಿ ಕೊಡಿ. ಅವರಿಗೆ ಆಗದಿದ್ರೆ ಅವರ ಪರವಾಗಿ ನೀವೇ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಆದೇಶ ಮಾಡುವ ಅಧಿಕಾರ ಅಲ್ಲಿದೆ. ಆದರೆ ಕಾಯ್ದೆಯ ಕಣ್ಣಿಗೆ ಮಗಳೂ ಮಕ್ಕಳಲ್ಲಿ ಒಬ್ಬಳು, ಹಾಗಾಗಿ ನೀವು ಈಗಾಗಲೇ ಹಾಕಿರುವ ಹಣದ ಔಷಧಿ ಬಿಲ್, ಅಟೆಂಡರ್ ಪಗಾರದ ಫೋನ್‌ಪೇ ದಾಖಲೆ ಎಲ್ಲ ಜೋಡಿಸಿಡಿ. ಹೊಲ ದಾನಪತ್ರದ ಮೂಲಕ ಹೋಗಿದ್ದರೆ ಅದರ ನಕಲು ಉಪನೋಂದಣಿ ಕಚೇರಿಯಿಂದ ತೆಗೆಸಿ. ‘ನೋಡಿಕೊಳ್ಳಬೇಕು’ ಅನ್ನುವ ಷರತ್ತು ಅದರಲ್ಲಿ ಇದ್ದರೆ ಆ ಪತ್ರವನ್ನೇ ರದ್ದು ಮಾಡಿ ಅಂತ ಕೇಳಬಹುದು. ಹೇಗೆ ಬರೆಯೋದು ಗೊತ್ತಾಗದಿದ್ರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.