ಅಭಿಮಾನಿಗಳು ಮಾಡಿದ ಗೇಮ್ ಮ್ಯೂಸಿಕ್ ರೀಮಿಕ್ಸ್‌ಗಳಿಗೆ ಅಂಕ ಹಂಚುವುದು ಹೇಗೆ?

ಸ್ಪರ್ಧೆಗೆ ತೀರ್ಪುಗಾರರಾಗಿದ್ದೀರಿ. ಸ್ವಂತಿಕೆಗೆ 30, ಮಿಕ್ಸಿಂಗ್‌ಗೆ (ವಾದ್ಯಗಳ ಶಬ್ದವನ್ನು ಹದವಾಗಿ ಬೆರೆಸುವುದಕ್ಕೆ) 30, ಮೂಲಕ್ಕೆ ನಿಷ್ಠೆ ಅಂತ 20, ನಾಸ್ಟಾಲ್ಜಿಯಾಗೆ (ಹಳೆಯ ನೆನಪು ಕೆದಕಿದ್ದಕ್ಕೆ) 20 ಅಂತ ಹಾಳೆ ಮಾಡಿಕೊಂಡು, ಇದು ಸರಿಯಿದೆಯಾ ಅಂತ ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಹಾಳೆ ನನ್ನ ಹತ್ತಿರವೂ ಇತ್ತು. ನನ್ನದರಲ್ಲಿ "ಒಟ್ಟಾರೆ ಅನಿಸಿಕೆ" ಅಂತ ಇನ್ನೊಂದು ಕಾಲಂ ಬೇರೆ. ಉಳಿದದ್ದನ್ನೆಲ್ಲ ಕೂಡಿಸಿದಾಗ ನನಗೆ ಇಷ್ಟವಾದದ್ದು ಗೆಲ್ಲದಿದ್ದರೆ ಅಲ್ಲಿ ಸರಿಮಾಡಿಕೊಳ್ಳುತ್ತಿದ್ದೆ. ನಿಮ್ಮ ಹಾಳೆಗೂ ಆ ಕಾಲಂ ಬಂದೇ ಬರುತ್ತದೆ, ನೋಡುತ್ತಿರಿ.

ನಮ್ಮದು ಸಣ್ಣ ಆನ್‌ಲೈನ್ ಬಳಗ. ಪ್ರತಿ ಸುತ್ತಿಗೆ ಹಳೆಯ ಗೇಮ್ ಒಂದರಿಂದ ಒಂದು ಟ್ರ್ಯಾಕ್ ಆರಿಸುತ್ತಿದ್ದೆವು. ಎಲ್ಲರೂ ಅದನ್ನು ತಮ್ಮ ರೀತಿಯಲ್ಲಿ ಹೊಸದಾಗಿ ಮಾಡಿ ಕಳಿಸಬೇಕು. ತೀರ್ಪು ಕೊಡಲು ಮೂವರು. ಮಿಕ್ಸಿಂಗ್ ಅಲ್ಪಸ್ವಲ್ಪ ಗೊತ್ತು ಅನ್ನುವುದೇ ನನ್ನ ಅರ್ಹತೆ.

ಆ ಸಲ ಆರಿಸಿದ್ದು ನಿಂಟೆಂಡೊದ ಹಳೆಯ ಗೇಮ್ ಯಂತ್ರ ಎನ್‌ಇಎಸ್ ಕಾಲದ ಒಂದು ಗೇಮ್‌ನ ಗುಹೆ ಹಂತದ ಸಂಗೀತ. ನನಗೆ ಅದು ಬಾಯಿಪಾಠ. ಬಂದ ಫೈಲುಗಳಲ್ಲಿ ಒಂದು ತೀರಾ ಬೇರೆ ಥರ ಇತ್ತು. ನಿಧಾನ. ನಾಲ್ಕರ ಬೀಟ್ ಹೋಗಿ ಮೂರರದಾಗಿತ್ತು. ಕೆಳಗೆ ಚೆಲ್ಲೊ, ಮೇಲೆ ಅಲ್ಲೊಂದು ಇಲ್ಲೊಂದು ಪಿಯಾನೊ ಸ್ವರ. ನಾನು ಕಾಯುತ್ತಿದ್ದ ಮಟ್ಟು ಬರಲೇ ಇಲ್ಲ. ಅರ್ಧ ದಾಟಿದ ಮೇಲೆ ಎಲ್ಲೋ ಒಂದು ಕಡೆ ಮುಖ ತೋರಿಸಿ ಹೋಯಿತು, ಅಷ್ಟೇ.

ನಾವು ಹೆಸರು ಮರೆಮಾಡುತ್ತಿರಲಿಲ್ಲ. ಹಾಗಾಗಿ ಕಳಿಸಿದವಳು ಯಾರು ಅಂತ ಗೊತ್ತಿತ್ತು. ಅವಳೂ ನಾನೂ ಸೇರಿ ಒಂದು ಆಲ್ಬಂ ಮಾಡುತ್ತಿದ್ದೆವು. ಗೆಳತಿ ಅಂತ ಅಂಕ ಕೊಟ್ಟ ಹಾಗೆ ಕಾಣಬಾರದು ಅಂದುಕೊಂಡು ಬೇಕಾದ್ದಕ್ಕಿಂತ ಜಾಸ್ತಿಯೇ ಬಿಗಿಯಾದೆ. ಸ್ಟಾಪ್‌ವಾಚ್ ತೆಗೆದೆ.

ಸ್ಟಾಪ್‌ವಾಚ್ ಎಲ್ಲಿಂದ ಬಂತು ಅಂದರೆ, ಓವರ್‌ಕ್ಲಾಕ್ಡ್ ರೀಮಿಕ್ಸ್ ಅಂತ ಗೇಮ್ ಮ್ಯೂಸಿಕ್ ರೀಮಿಕ್ಸ್‌ಗಳ ವೆಬ್‌ಸೈಟ್ ಇದೆಯಲ್ಲ, ಡೇವಿಡ್ ಲಾಯ್ಡ್ 1999ರಲ್ಲಿ ಶುರು ಮಾಡಿದ್ದು. ಅಲ್ಲಿ ಬಂದ ರೀಮಿಕ್ಸ್‌ಗಳನ್ನು ತೀರ್ಪುಗಾರರ ತಂಡ ಕೇಳಿ ಓಟು ಹಾಕುತ್ತದೆ. ಹೊಸ ರಚನೆಯಲ್ಲಿ ಮೂಲ ಟ್ರ್ಯಾಕಿನದೇ ಮೇಲುಗೈ ಇರಬೇಕು ಅನ್ನುವುದು ಅವರ ನಿಯಮಗಳಲ್ಲಿ ಒಂದು. ಅನುಮಾನ ಬಂದಾಗ ಮೂಲ ಕೇಳಿಸುವ ಸೆಕೆಂಡುಗಳ ಲೆಕ್ಕ ಹಾಕಿ ಅದು ಅರ್ಧಕ್ಕಿಂತ ಜಾಸ್ತಿ ಇದೆಯಾ ಅಂತ ನೋಡುತ್ತಾರೆ. ನಾವು ಆ ನಿಯಮವನ್ನು ಹಾಗೇ ಎತ್ತಿಕೊಂಡಿದ್ದೆವು. ಆದರೆ ಸೆಕೆಂಡು ಎಣಿಸುವವನಿಗೆ ಮೊದಲು ಮೂಲ ಟ್ರ್ಯಾಕ್ ಪೂರ್ತಿ ಗೊತ್ತಿರಬೇಕು ಅನ್ನುವುದನ್ನು ಎತ್ತಿಕೊಂಡಿರಲಿಲ್ಲ.

ನನ್ನ ಲೆಕ್ಕಕ್ಕೆ ಕಾಲು ಭಾಗವೂ ಸಿಗಲಿಲ್ಲ. "ರಚನೆ ಚೆನ್ನಾಗಿದೆ, ಆದರೆ ಇದು ರೀಮಿಕ್ಸ್ ಅಲ್ಲ. ಮೂಲವನ್ನು ಇನ್ನೊಮ್ಮೆ ಕೇಳಿ ನೋಡಿ" ಅಂತ ಬರೆದೆ. ಇನ್ನೊಬ್ಬ ತೀರ್ಪುಗಾರನಿಗೆ ಅದು ಇಷ್ಟವಾಗಿತ್ತು. ನನ್ನ ಸೆಕೆಂಡು ಲೆಕ್ಕ ನೋಡಿ ಅವನೂ ಹಿಂದೆ ಸರಿದ.

ಅವಳು ವಾದ ಮಾಡಲಿಲ್ಲ. ಒಂದು ಆಡಿಯೊ ಫೈಲ್ ಕಳಿಸಿದಳು. ಮೂಲ ಟ್ರ್ಯಾಕೇ, ಆದರೆ ಉಳಿದ ಚಾನೆಲ್‌ಗಳನ್ನೆಲ್ಲ (ಒಂದೊಂದು ದನಿಗೂ ಒಂದೊಂದು ಚಾನೆಲ್) ಮ್ಯೂಟ್ ಮಾಡಿ ಕೆಳಗಿನ ದನಿಯಾದ ಬೇಸ್ ಮಾತ್ರ ಉಳಿಸಿದ್ದು. ಹೆಡ್‌ಫೋನ್ ಹಾಕಿ ಕೇಳಿದೆ. ಅವಳ ಚೆಲ್ಲೊ ನುಡಿಸಿದ್ದು ಅದನ್ನೇ. ವೇಗ ಅರ್ಧ, ತಾಳ ಬೇರೆ, ಸ್ವರಗಳು ಅವೇ. ಮೊದಲ ಸೆಕೆಂಡಿನಿಂದ ಕೊನೆಯವರೆಗೂ ಅವೇ. ನನ್ನ ಸ್ಟಾಪ್‌ವಾಚ್ ಒಂದು ಸಲವೂ ನಿಲ್ಲಬಾರದಿತ್ತು.

ಇಲ್ಲಿ ಸ್ವಲ್ಪ ಉದ್ದ ಎಳೆಯುತ್ತೇನೆ, ಸಹಿಸಿಕೊಳ್ಳಿ. ಇದು ಹೇಗಾಯಿತು ಅಂತ ನನಗೇ ಅರ್ಥವಾಗಲು ತುಂಬಾ ಸಮಯ ಬೇಕಾಯಿತು.

ಎನ್‌ಇಎಸ್‌ನ ಸೌಂಡ್ ಚಿಪ್‌ನಲ್ಲಿ ಐದು ಚಾನೆಲ್. ಎರಡು ಪಲ್ಸ್, ಒಂದು ಟ್ರಯಾಂಗಲ್ (ಇವು ಶಬ್ದದ ಅಲೆಯ ಆಕಾರದ ಹೆಸರುಗಳು), ಒಂದು ನಾಯ್ಸ್, ಕೊನೆಯದು ಪುಟ್ಟ ಸ್ಯಾಂಪಲ್‌ಗಳಿಗೆ, ಅಂದರೆ ರೆಕಾರ್ಡ್ ಮಾಡಿದ ತುಣುಕುಗಳಿಗೆ. ಸಾಮಾನ್ಯವಾಗಿ ಮಟ್ಟು ಪಲ್ಸ್‌ನಲ್ಲಿ, ಬೇಸ್ ಟ್ರಯಾಂಗಲ್‌ನಲ್ಲಿ. ಈ ಟ್ರಯಾಂಗಲ್‌ಗೆ ವಾಲ್ಯೂಮ್ ಕಂಟ್ರೋಲ್ ಇಲ್ಲ. ಒಂದೋ ಶಬ್ದ ಬರುತ್ತದೆ, ಇಲ್ಲವೇ ಇಲ್ಲ. ಜೋರು ಮಾಡಿ, ಮೆತ್ತಗೆ ಮಾಡಿ ಭಾವ ತರುವ ದಾರಿಯೇ ಮುಚ್ಚಿದೆ. ಬಹುಶಃ ಅದಕ್ಕೇ ಒಳ್ಳೆಯ ಸಂಯೋಜಕರು ಬೇಸನ್ನು ಒಂದೇ ಸ್ವರದಲ್ಲಿ ಸುಮ್ನೆ ಕೂರಿಸಲಿಲ್ಲ, ಮೇಲೆ ಕೆಳಗೆ ಓಡಾಡಿಸಿದರು. ಆ ಕಾಲದ ಎಷ್ಟೋ ಟ್ರ್ಯಾಕ್‌ಗಳಲ್ಲಿ ಬೇಸ್ ಅನ್ನುವುದು ಇನ್ನೊಂದು ಮಟ್ಟೇ. ನಮ್ಮ ಗುಹೆಯ ಟ್ರ್ಯಾಕಿನಲ್ಲಂತೂ ಬೇಸೇ ಕಥೆ ಹೇಳುತ್ತಿತ್ತು, ಮೇಲಿನ ಮಟ್ಟು ಅದಕ್ಕೆ ಅಲಂಕಾರ.

ಹಾಗಾದರೆ ನನಗೆ ಯಾಕೆ ಕೇಳಿಸಿರಲಿಲ್ಲ? ಟ್ರಯಾಂಗಲ್ ಅಲೆಯಲ್ಲಿ ಮೇಲಿನ ಹಾರ್ಮೋನಿಕ್‌ಗಳು (ಆಧಾರ ಸ್ವರದ ಜೊತೆಗೇ ಸಣ್ಣಗೆ ಕೇಳುವ ಮೇಲಿನ ಸ್ವರಗಳು) ಬಹಳ ದುರ್ಬಲ. ಪಲ್ಸ್‌ನದೇ ಒಂದು ಬಗೆಯಾದ ಸ್ಕ್ವೇರ್ ಅಲೆಯಲ್ಲಿ ಮೂರನೇ ಹಾರ್ಮೋನಿಕ್‌ನ ಎತ್ತರ ಆಧಾರ ಸ್ವರದ 3ನೇ ಒಂದು ಭಾಗ ಇದ್ದರೆ, ಟ್ರಯಾಂಗಲ್‌ನಲ್ಲಿ 9ನೇ ಒಂದು ಭಾಗ. ಐದನೆಯದಕ್ಕೆ ಬಂದರೆ ಅಲ್ಲಿ 5ನೇ ಒಂದು, ಇಲ್ಲಿ 25ನೇ ಒಂದು. ಫೋನಿನ ಪುಟ್ಟ ಸ್ಪೀಕರ್ ಬೇಸ್‌ನ ಆಧಾರ ಸ್ವರವನ್ನು ನುಂಗಿಬಿಡುತ್ತದೆ. ಬೇರೆ ಅಲೆಯಾದರೆ ಮೇಲಿನ ಹಾರ್ಮೋನಿಕ್‌ಗಳನ್ನು ಹಿಡಿದು ಕಿವಿ ಸ್ವರವನ್ನು ಊಹಿಸಿಕೊಳ್ಳುತ್ತದೆ. ಟ್ರಯಾಂಗಲ್‌ನಲ್ಲಿ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ. ನಾನು ಆ ಟ್ರ್ಯಾಕ್ ಕೇಳಿದ್ದೆಲ್ಲ ಫೋನಿನ ಸ್ಪೀಕರ್‌ನಲ್ಲಿ, ಬೇರೆ ಕೆಲಸ ಮಾಡುತ್ತಾ. ನನಗೆ ಬಾಯಿಪಾಠವಾಗಿದ್ದದ್ದು ಬೇಸ್ ಇಲ್ಲದ ಟ್ರ್ಯಾಕ್.

ಇಷ್ಟಾದರೂ ಬಚಾವಾಗಬಹುದಿತ್ತು. ತೀರ್ಪಿಗೆ ಕೂತಾಗ ರೀಮಿಕ್ಸ್‌ಗಳನ್ನೆಲ್ಲ ಒಳ್ಳೆಯ ಹೆಡ್‌ಫೋನಿನಲ್ಲಿ ಮತ್ತೆ ಮತ್ತೆ ಕೇಳಿದೆ. ಮೂಲವನ್ನು ಮಾತ್ರ ಹಾಕಲೇ ಇಲ್ಲ. ಗೊತ್ತಿದೆಯಲ್ಲ ಅಂತ. ಆ ಟ್ರ್ಯಾಕ್ ನನಗೆ ಅಪರಿಚಿತವಾಗಿದ್ದರೆ ಖಂಡಿತ ಮೊದಲು ಅದನ್ನೇ ಹಾಕುತ್ತಿದ್ದೆ, ಆಗ ಬೇಸ್ ತಾನಾಗಿ ಕೇಳಿಸುತ್ತಿತ್ತು. ಮೂಲವನ್ನು ಇನ್ನೊಮ್ಮೆ ಕೇಳಿ ಅಂತ ಅವಳಿಗೆ ಬರೆದವನು ನಾನು. ಆ ಸಾಲು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತೀರ್ಪು ತಿದ್ದಿದೆ, ಕ್ಷಮೆಯನ್ನೂ ಕೇಳಿದೆ. ಅಷ್ಟರಲ್ಲಿ ಫಲಿತಾಂಶ ಹೊರಬಿದ್ದಿತ್ತು. ಆಲ್ಬಂ ಅಲ್ಲಿಗೇ ನಿಂತಿತು. ಅವಳು ತನ್ನ ಟ್ರ್ಯಾಕ್‌ಗಳನ್ನು ವಾಪಸ್ ತೆಗೆದುಕೊಂಡಳು. ಕಾರಣ ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ.

ಆ ಸುತ್ತಿನಲ್ಲಿ ಗೆದ್ದದ್ದು ಏನು ಗೊತ್ತಾ? ಅದೇ ಮಟ್ಟು, ಅದೇ ವೇಗ, ಅದೇ ಕ್ರಮ. ಕೆಳಗೆ ದಪ್ಪ ಕಿಕ್ ಡ್ರಮ್, ಮೇಲೆ ಹೊಳೆಯುವ ಸಿಂತ್, ಲಿಮಿಟರ್ ಹಾಕಿ ಹಿಂಡಿ ಜೋರು ಮಾಡಿದ ಅಂತಿಮ ಫೈಲ್. ನಮ್ಮ ಹಾಳೆಯ ಎಲ್ಲ ಕಾಲಂನಲ್ಲೂ ಅದಕ್ಕೆ ಹತ್ತಕ್ಕೆ ಏಳು, ಎಂಟರ ಲೆಕ್ಕದಲ್ಲಿ ಅಂಕ. ಯಾವ ಕಾಲಂನಲ್ಲೂ ಹತ್ತಿಲ್ಲ, ಯಾವುದರಲ್ಲೂ ನಾಲ್ಕಿಲ್ಲ. ಕೂಡಿಸಿದರೆ ಅದೇ ಮೊದಲು. ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಅದು ಹೇಗಿತ್ತು ಅಂತ ನಮ್ಮ ಮೂವರಲ್ಲಿ ಯಾರಿಗೂ ನೆನಪಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, 30 ಸರಿಯಾ 40 ಸರಿಯಾ ಅನ್ನುವ ಪ್ರಶ್ನೆಯೇ ಬೇಡ. ಕೂಡಿಸುವುದೇ ತಪ್ಪು. ಕೂಡಿಸಿದಾಗ ಯಾರಿಗೂ ಬೇಜಾರಾಗದಂಥದ್ದು ಗೆಲ್ಲುತ್ತದೆ. ಐಡಿಯಾ ಇಲ್ಲದ, ಮಿಕ್ಸ್ ಮಾತ್ರ ಶುದ್ಧವಾಗಿರುವ ರೀಮಿಕ್ಸ್‌ಗೆ ಸಲೀಸಾಗಿ 70 ಬರುತ್ತದೆ. ಐಡಿಯಾ ಇದ್ದು ಕಿಕ್ಕೂ ಬೇಸೂ ಒಂದರ ಮೇಲೊಂದು ಬಿದ್ದು ಮಸುಕಾಗಿರುವುದಕ್ಕೆ 55. ಆ ಮಸುಕನ್ನು ಒಂದು ಸಂಜೆಯಲ್ಲಿ ಸರಿಮಾಡಬಹುದು. ಐಡಿಯಾವನ್ನು ಆಮೇಲೆ ಎಲ್ಲಿಂದ ತರುತ್ತೀರಿ?

ಮಿಕ್ಸಿಂಗ್‌ಗೆ ಅಂಕ ಕೊಡಬೇಡಿ. ಪಾಸು, ಫೇಲು ಅಷ್ಟೇ ಇರಲಿ. ಫೇಲಾದದ್ದು ಚೆನ್ನಾಗಿದ್ದರೆ "ಸರಿಮಾಡಿ ಮತ್ತೆ ಕಳಿಸಿ" ಅನ್ನಿ. ಓವರ್‌ಕ್ಲಾಕ್ಡ್ ರೀಮಿಕ್ಸ್ ತೀರ್ಪುಗಾರರೂ ಬೇಡ ಅನ್ನುವಾಗ ಎಷ್ಟೋ ಸಲ ಜೊತೆಗೆ ಅದನ್ನೇ ಬರೆಯುತ್ತಾರೆ. ನಾವು ಅವರಿಂದ ಸ್ಟಾಪ್‌ವಾಚ್ ಬಿಟ್ಟು ಇದನ್ನು ಎತ್ತಿಕೊಳ್ಳಬೇಕಿತ್ತು.

ನಾಸ್ಟಾಲ್ಜಿಯಾ ಕಾಲಂ ಬಗ್ಗೆ ಕೋಪವೇ ಬರುತ್ತದೆ. ಆ 20 ಅಂಕ ಹೋಗುವುದು ಮೂಲ ಸಂಯೋಜಕರಿಗೆ, ನಿಮ್ಮ ಬಾಲ್ಯಕ್ಕೆ. ರೀಮಿಕ್ಸ್ ಮಾಡಿದವರಿಗೆ ಅದರಲ್ಲಿ ಏನೂ ಪಾಲಿಲ್ಲ. ನಿಷ್ಠೆಯದೂ ಹಾಗೇ, ಯಾವುದಕ್ಕೆ ನಿಷ್ಠೆ? 1989ರ ಗೇಮ್ ಬಾಯ್ ಟೆಟ್ರಿಸ್‌ನ ಆ ಹೆಸರಾಂತ ಮಟ್ಟು ರಷ್ಯಾದ ಹಳೆಯ ಹಾಡಿನದು, ಆ ಹಾಡಿನ ಪದಗಳು 1861ರ ನೆಕ್ರಾಸೊವ್ ಕವಿತೆಯವು. ನೀವು ಮೂಲ ಅಂದುಕೊಂಡಿರುವುದೇ ಒಂದು ಅರೇಂಜ್ಮೆಂಟ್, ಅಂದರೆ ಇದ್ದ ಹಾಡನ್ನು ಹೊಸದಾಗಿ ಜೋಡಿಸಿದ್ದು. ಅದನ್ನು ಹಿಡಿದುಕೊಂಡು ಇನ್ನೊಬ್ಬರ ಅರೇಂಜ್ಮೆಂಟ್‌ಗೆ ಅಂಕ ಕಳೆಯುವುದು ಯಾವ ನ್ಯಾಯ?

ಅಭಿಮಾನಿಗಳು ತಾನೇ, ಸ್ವಲ್ಪ ಸಡಿಲ ಬಿಡೋಣ ಅನ್ನುವ ಮಾತೂ ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಇದೆ. ಬಿಡಬೇಡಿ. 2008ರಲ್ಲಿ ಬಂದ ಸ್ಟ್ರೀಟ್ ಫೈಟರ್‌ನ ಎಚ್‌ಡಿ ರೀಮಿಕ್ಸ್ ಗೇಮ್‌ಗೆ ಸಂಗೀತ ಮಾಡಿಕೊಟ್ಟದ್ದು ಓವರ್‌ಕ್ಲಾಕ್ಡ್ ರೀಮಿಕ್ಸ್‌ನ ಕಲಾವಿದರೇ. 2022ರ ಗ್ರ್ಯಾಮಿಯಲ್ಲಿ ಗೇಮ್ ಸಂಗೀತವನ್ನೇ ನುಡಿಸುವ ದಿ 8-ಬಿಟ್ ಬಿಗ್ ಬ್ಯಾಂಡ್ ತಂಡ ಕಿರ್ಬಿ ಗೇಮ್‌ನ ಒಂದು ಟ್ರ್ಯಾಕಿಗೆ ಅರೇಂಜ್ಮೆಂಟ್ ವಿಭಾಗದಲ್ಲೇ ಪ್ರಶಸ್ತಿ ಪಡೆಯಿತು. ಕನಿಕರದಿಂದ ಕೇಳಿಸಿಕೊಳ್ಳುವುದು ಆ ಕೆಲಸಕ್ಕೆ ಅವಮಾನ.

ನಾನು ಈಗ ಕೇಳಿಕೊಳ್ಳುವುದು ಎರಡೇ. ಇವರು ಮೂಲದಲ್ಲಿ ಯಾವುದನ್ನು ಹಿಡಿದುಕೊಂಡರು? ಮಟ್ಟೇ ಆಗಬೇಕಿಲ್ಲ. ಬೇಸ್ ಇರಬಹುದು, ಲಯ ಇರಬಹುದು, ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗಳ) ಓಟ ಇರಬಹುದು. ಹಿಡಿದದ್ದರಿಂದ ಮೂಲದಲ್ಲಿ ಆಗದ ಯಾವ ಕೆಲಸ ಮಾಡಿಸಿದರು? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಅದು ವಾದ್ಯ ಬದಲಾಯಿಸಿದ್ದು, ಅಷ್ಟೇ. ಎನ್‌ಇಎಸ್ ಆದಮೇಲೆ ಬಂದ ಸೂಪರ್ ನಿಂಟೆಂಡೊದಲ್ಲಿ ಎಂಟು ಚಾನೆಲ್, ಶಬ್ದಕ್ಕೆಂದು 64 ಕೆಬಿ ಮೆಮೊರಿ. ಅಷ್ಟರಲ್ಲೇ ಇಡೀ ಆರ್ಕೆಸ್ಟ್ರಾ ಕೂರಿಸಿದ್ದಾರೆ. ಆ ಜಾಗಕ್ಕೆ ದುಬಾರಿ ಸ್ಯಾಂಪಲ್ ಲೈಬ್ರರಿಯ ಪಿಟೀಲು ಹಾಕಿದರೆ ಚೆಂದ ಕೇಳಿಸುತ್ತದೆ ನಿಜ, ಹೊಸದಾಗಿ ಏನೂ ಹೇಳಿದಂತಾಗಲಿಲ್ಲ.

ಬೇಗ ಗೊತ್ತಾಗಬೇಕು ಅಂದರೆ ಮಟ್ಟು ಮುಗಿದು ಎರಡನೇ ಸಲ ಮೊದಲಿನಿಂದ ಶುರುವಾಗುವ ಜಾಗಕ್ಕೆ ಕಿವಿ ಕೊಡಿ. ಗೇಮ್ ಸಂಗೀತ ಹುಟ್ಟಿದ್ದೇ ಲೂಪ್ ಆಗಲು. ಆಟಗಾರ ಆ ಹಂತದಲ್ಲಿ ಎಷ್ಟು ಹೊತ್ತು ಇರುತ್ತಾನೋ ಅಷ್ಟು ಹೊತ್ತು ತಿರುಗಬೇಕು, ಹಾಗಾಗಿ ಎಷ್ಟೋ ಟ್ರ್ಯಾಕ್‌ಗಳಿಗೆ ಅಂತ್ಯವೇ ಇಲ್ಲ. ರೀಮಿಕ್ಸ್ ಮಾತ್ರ ಒಂದು ಕಡೆ ಶುರುವಾಗಿ ಒಂದು ಕಡೆ ಮುಗಿಯಲೇಬೇಕು. ಲೂಪ್ ಮತ್ತೆ ಮೊದಲಿಗೆ ಬಂದಾಗ ಏನು ಮಾಡಿದ್ದಾರೆ? ಬಹಳ ಜನ ಅದನ್ನೇ ಮತ್ತೆ ಹಾಕಿ ಡ್ರಮ್ಸ್ ಜಾಸ್ತಿ ಮಾಡುತ್ತಾರೆ, ಕೊನೆಗೆ ಫೇಡ್ ಔಟ್. ಅರ್ಪೆಜಿಯೊ ನೋಡಿದರೂ ಗೊತ್ತಾಗುತ್ತದೆ. ಚಿಪ್‌ನಲ್ಲಿ ಒಂದು ಚಾನೆಲ್‌ಗೆ ಒಂದೇ ಸ್ವರ. ಕಾರ್ಡ್ ಬೇಕಾದರೆ ಸ್ವರಗಳನ್ನು ಬಿಡಿಸಿ ಪಟಪಟನೆ ಓಡಿಸಬೇಕಿತ್ತು. ಗಿಟಾರ್ ಕೈಯಲ್ಲಿದ್ದೂ ಅದೇ ಪಟಪಟವನ್ನು ಹಾಗೇ ನುಡಿಸಿದರೆ ಯಾಕೆ ಅಂತ ಕೇಳಿ. ಒಳ್ಳೆಯ ಕಾರಣ ಇದ್ದರೆ ಟ್ರ್ಯಾಕಿನಲ್ಲೇ ಗೊತ್ತಾಗುತ್ತದೆ.

ಕೇಳುವ ರೀತಿ ಬಗ್ಗೆ ಹಟ ಹಿಡಿದು ಹೇಳುತ್ತೇನೆ. ಮೂಲ ಟ್ರ್ಯಾಕ್ ಮೊದಲು, ಹೆಡ್‌ಫೋನಿನಲ್ಲಿ. ಎಷ್ಟೇ ಪರಿಚಯವಿದ್ದರೂ. ಎನ್‌ಇಎಸ್ ಸಂಗೀತಕ್ಕೆ ಎನ್‌ಎಸ್‌ಎಫ್ ಅಂತ ಫೈಲ್ ಬಗೆ ಇದೆ. ಅದನ್ನು ನುಡಿಸುವ ಹಲವು ಪ್ಲೇಯರ್‌ಗಳಲ್ಲಿ ಚಾನೆಲ್‌ಗಳನ್ನು ಒಂದೊಂದಾಗಿ ಮ್ಯೂಟ್ ಮಾಡಬಹುದು. ಒಂದೊಂದನ್ನೂ ಬಿಡಿಯಾಗಿ ಕೇಳಿ. ಆಮೇಲೆ ರೀಮಿಕ್ಸ್, ಹೆಸರು ನೋಡದೆ, ಮೊದಲ ಸಲ ಏನನ್ನೂ ಬರೆದುಕೊಳ್ಳದೆ. ಅದಕ್ಕೂ ಮೊದಲು ಎಲ್ಲ ಫೈಲುಗಳ ಜೋರನ್ನು ಒಂದೇ ಮಟ್ಟಕ್ಕೆ ತನ್ನಿ. ಮೈನಸ್ 14 ಲಫ್ಸ್ (LUFS, ಶಬ್ದದ ಜೋರು ಅಳೆಯುವ ಮಾನ) ಇಟ್ಟುಕೊಳ್ಳಿ, ಸ್ಟ್ರೀಮಿಂಗ್‌ನಲ್ಲಿ ರೂಢಿಯಲ್ಲಿರುವ ಅಳತೆ ಅದೇ. ಇದನ್ನು ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿ ಕೇಳಿಸುತ್ತದೆ. ನಮ್ಮಲ್ಲಿ ಗೆದ್ದ ಟ್ರ್ಯಾಕನ್ನು ಆಮೇಲೆ ಹೀಗೆ ಇಳಿಸಿ ಕೇಳಿದೆ. ಅರ್ಧ ಹೊಳಪು ಹೋಗಿತ್ತು.

ಬೇಡ ಅಂತ ಬರೆಯುವಾಗ ನಿಮಿಷ, ಸೆಕೆಂಡು ಹಾಕಿ ಬರೆಯಿರಿ. "1:20ರಿಂದ ಪಿಯಾನೊದ ಎಲ್ಲ ಸ್ವರಕ್ಕೂ ಒಂದೇ ವೆಲಾಸಿಟಿ (ಕೀ ಒತ್ತಿದ ಬಿರುಸು) ಇದೆ, ಬೆರಳು ಕಾಣುವುದಿಲ್ಲ" ಅಂದರೆ ಅವರಿಗೆ ಕೆಲಸ ಸಿಗುತ್ತದೆ. "ಮೂಲ ಕಾಣಲಿಲ್ಲ" ಅಂತ ಅನಿಸಿದರೆ ಬರೆಯುವ ಮೊದಲು ಅವರನ್ನೇ ಕೇಳಿ, ಯಾವ ಭಾಗ ಎಲ್ಲಿಂದ ತೆಗೆದಿರಿ ಅಂತ. ಇನ್ನೂ ಒಳ್ಳೆಯದು, ಕಳಿಸುವಾಗಲೇ ಆ ಟಿಪ್ಪಣಿಯನ್ನು ಕೇಳಿಬಿಡಿ. ನಮ್ಮ ಬಳಗದಲ್ಲಿ ಈಗ ಅದು ಕಡ್ಡಾಯ.

ಸಂಘಟಕರಿಗೆ ಏನಾದರೂ ಅಂಕಿ ಬೇಕೇ ಬೇಕು ಅಂದರೆ ಅಂಕ ಕೊಡಬೇಡಿ, ಕ್ರಮ ಕೊಡಿ. ಪ್ರತಿ ತೀರ್ಪುಗಾರರೂ ತಮಗೆ ಮೊದಲನೆಯದು ಯಾವುದು, ಎರಡನೆಯದು ಯಾವುದು ಅಂತ ಬೇರೆ ಬೇರೆ ಕೂತು ಬರೆಯಲಿ. ಒಬ್ಬರು ಮೊದಲಿಟ್ಟದ್ದನ್ನು ಇನ್ನೊಬ್ಬರು ಕೊನೆಗಿಟ್ಟಿದ್ದರೆ ಆ ಟ್ರ್ಯಾಕನ್ನು ಮೂವರೂ ಒಟ್ಟಿಗೆ ಇನ್ನೊಮ್ಮೆ ಕೇಳಿ, ಮೊದಲಿಟ್ಟವರು ಅದರಲ್ಲಿ ಏನು ಕೇಳಿಸಿತು ಅಂತ ಹೇಳಲಿ. ಕೊನೆಗಿಟ್ಟವರು ಅಲ್ಲಿಯವರೆಗೆ ಸುಮ್ಮನಿರಲಿ.