ಬಿರುಗಾಳಿಗೆ ಹೆಣ್ಣಿನ ಹೆಸರೇ ಏಕೆ?

ಪ್ರಶ್ನೆ: ಮದುವೆಯಾದ ಗಂಡಸಿಗೂ ಚಂಡಮಾರುತಕ್ಕೆ ಸಿಕ್ಕ ಊರಿಗೂ ವ್ಯತ್ಯಾಸವಿಲ್ಲವೆಂದೂ, ಅದಕ್ಕಾಗಿಯೇ ಬಿರುಗಾಳಿಗಳಿಗೆ ಹೆಂಗಸರ ಹೆಸರಿಡುತ್ತಾರೆಂದೂ ನಮ್ಮ ಯಜಮಾನರು ಲೋಕಲ್ ರೈಲಿನ ಗೆಳೆಯರೆದುರು ಹಾಸ್ಯ ಮಾಡುತ್ತಾರೆ. ಏನು ಉತ್ತರ ಕೊಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಯಜಮಾನರ ಹಾಸ್ಯ ಬಹಳ ಹಳೆಯದು, ತಾಯಿ. ಅಮೆರಿಕದವರು 1953ರಿಂದ ಬಿರುಗಾಳಿಗಳಿಗೆ ಹೆಂಗಸರ ಹೆಸರನ್ನಷ್ಟೇ ಇಡುತ್ತಿದ್ದುದು ನಿಜವಾದರೂ, ಮಹಿಳೆಯರು ಆಕ್ಷೇಪಿಸಿದ ಬಳಿಕ, 1979ರಿಂದ ಅಟ್ಲಾಂಟಿಕ್ ಸಾಗರದ ಪಟ್ಟಿಯಲ್ಲಿ ಗಂಡಸರ ಹೆಸರುಗಳೂ ಸರದಿಯಂತೆ ಬರುತ್ತಿವೆ. ನಮ್ಮ ಅರಬ್ಬೀ ಸಮುದ್ರದ ಚಂಡಮಾರುತಗಳಿಗೆ ಸುತ್ತಮುತ್ತಲಿನ ದೇಶಗಳು ಹೆಸರು ಸೂಚಿಸುತ್ತವೆ. ಯಾರ ಮನೆಯಾಕೆಯನ್ನೂ ವಿಚಾರಿಸುವುದಿಲ್ಲ.

ಹೋಲಿಕೆಯೇ ಬೇಕೆಂದರೆ ಅವರಿಗೆ 2005ರ ಜುಲೈ 26ನ್ನು ನೆನಪಿಸಿ. ಅಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಇದೇ ಮುಂಬಯಿಯ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ದಾಖಲಾಗಲಿಲ್ಲ. ಅಡುಗೆಮನೆಯಲ್ಲಿ ಪ್ರಳಯವೇ ಆಗುತ್ತಿದ್ದರೂ, ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತವರಿಗೆ ನಾಲ್ಕು ಹನಿ ತುಂತುರಷ್ಟೇ ಕಾಣಿಸುವುದು ಹೀಗೆಯೇ. ಹವಾಮಾನ ಇಲಾಖೆಯವರು ಚಂಡಮಾರುತದ ಮುನ್ಸೂಚನೆಯನ್ನು ದಿನಗಳ ಮೊದಲೇ ಕೊಡುತ್ತಾರೆ. ನೀವೂ ಕೊಟ್ಟಿರುತ್ತೀರಿ (ಇದು ನನ್ನ ಊಹೆ). ಕೇಳಬೇಕಾದವರು ಮಾತ್ರ ಕೊಲಾಬಾದಲ್ಲಿದ್ದರು.