ಜ್ಞಾನಕ್ಕಾಗಿ ಪ್ರಾರ್ಥಿಸಿದರೂ ದೇವರಿಂದ ಸೂಚನೆ ಬರುತ್ತಿಲ್ಲ, ಇನ್ನೂ ಕಾಯಬೇಕೇ?

ಕೆಲಸ ಬಿಟ್ಟು ಭಾವನ ಹಾರ್ಡ್‌ವೇರ್ ಅಂಗಡಿಗೆ ಪಾಲುದಾರರಾಗಬೇಕೇ ಎಂದು ತಿಂಗಳುಗಟ್ಟಲೆ ಪ್ರಾರ್ಥಿಸಿ, ಸೂಚನೆಗಾಗಿ ಕಾದಿದ್ದೀರಿ. ನಾನೂ ಹೀಗೆಯೇ ಕಾದವನು. ನನಗೆ ಸೂಚನೆ ಸಿಕ್ಕಿಯೂ ಬಿಟ್ಟಿತು, ತೊಂದರೆ ಶುರುವಾದದ್ದೇ ಅಲ್ಲಿಂದ.

ಊರಾಚೆ ಒಂದು ನಿವೇಶನ ಮಾರಾಟಕ್ಕೆ ಬಂದಿತ್ತು. ಜ್ಞಾನ ಕಡಿಮೆಯಾದವನು ದೇವರನ್ನು ಕೇಳಿಕೊಳ್ಳಲಿ ಎಂಬ ಯಾಕೋಬನ ಪತ್ರಿಕೆಯ 1:5ನ್ನು ನೆಚ್ಚಿ, ರಾತ್ರಿ ಮೊಣಕಾಲೂರಿ ಪ್ರಾರ್ಥಿಸಿ, ಕಣ್ಣು ಮುಚ್ಚಿಕೊಂಡೇ ಬೈಬಲ್ ತೆರೆದು ಬೆರಳಿಟ್ಟೆ. ಬೆರಳು ಬಿದ್ದದ್ದು ಯೆಹೋಶುವನ ಗ್ರಂಥದ ಮೊದಲ ಅಧ್ಯಾಯದಲ್ಲಿ, ನೀವು ಕಾಲಿಡುವ ಸ್ಥಳವನ್ನೆಲ್ಲ ನಿಮಗೆ ಕೊಟ್ಟಿದ್ದೇನೆ ಎಂಬ ಮಾತಿನ ಮೇಲೆ. (ಅದನ್ನು ಹೇಳಿದ್ದು ಯೊರ್ದನ್ ಹೊಳೆ ದಾಟಲಿದ್ದ ಇಸ್ರಾಯೇಲ್ಯರಿಗೇ ಹೊರತು ಮೂವತ್ತು-ನಲವತ್ತರ ಸೈಟು ಕೊಳ್ಳುವವನಿಗಲ್ಲ.) ಮರುದಿನವೇ ಮುಂಗಡ ಕೊಟ್ಟೆ.

ಮಾರುವವರು ತೋರಿಸಿದ ಇ.ಸಿ.ಯಲ್ಲಿ (ಆಸ್ತಿಯ ಮೇಲಿನ ಸಾಲ, ವಹಿವಾಟುಗಳನ್ನು ತಿಳಿಸುವ ಋಣಭಾರ ಪತ್ರದಲ್ಲಿ) ಯಾವ ಸಾಲವೂ ಇರಲಿಲ್ಲ. ಆದರೆ ಇ.ಸಿ. ಹೇಳುವುದು ಅರ್ಜಿಯಲ್ಲಿ ಕೇಳಿದ ಅವಧಿಯ ನೋಂದಣಿಗಳನ್ನು ಮಾತ್ರ. ಅವರು ತೆಗೆಸಿದ್ದು ಐದು ವರ್ಷದ್ದು, ಜಮೀನಿನ ಮೇಲಿನ ಅಡಮಾನ ಅದಕ್ಕೂ ಹಿಂದಿನದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಆ ಹಾಳೆಯಲ್ಲೇ ಅಚ್ಚಾಗಿತ್ತು, ನಾನು ಓದಲಿಲ್ಲ. ಗ್ರಾಮಲೆಕ್ಕಿಗರಾಗಿ ನಿವೃತ್ತರಾದ ನಮ್ಮ ಮಾವನವರು ಎರಡು ಬೀದಿಯಾಚೆಯೇ ಇದ್ದರು. ಏನಾದರೂ ಕೊಕ್ಕೆ ತೆಗೆದಾರೆಂದೇ ಅವರಿಗೆ ಕಾಗದ ತೋರಿಸಲಿಲ್ಲ. ವಚನ ಸಿಕ್ಕ ಮೇಲೆ ಮನುಷ್ಯರನ್ನು ಕೇಳುವುದು ಅವಿಶ್ವಾಸವೆಂದು ನನಗೆ ನಾನೇ ಹೇಳಿಕೊಂಡೆ. ಸೈಟು ಬೇಕೆಂದು ಮೊದಲೇ ತೀರ್ಮಾನಿಸಿ, ದೇವರಿಂದ ಸಹಿ ಹಾಕಿಸಿಕೊಳ್ಳಲು ಮಾತ್ರ ಮೊಣಕಾಲೂರಿದ್ದೆ. ಮುಂಗಡ ಮರಳಿ ಬರಲಿಲ್ಲ.

ಆದ್ದರಿಂದ ಸೂಚನೆಗಾಗಿ ಕಾಯುವುದನ್ನೇ ನಾನು ಒಪ್ಪುವುದಿಲ್ಲ. ಬೈಬಲಿನ ಒಂದನೆಯ ಅರಸುಗಳು ಗ್ರಂಥದ ಮೂರನೆಯ ಅಧ್ಯಾಯವನ್ನು ಓದಿ. ಗಿಬ್ಯೋನೆಂಬ ಊರಿನಲ್ಲಿ ಬಿದ್ದ ಕನಸಿನಲ್ಲಿ ಅರಸ ಸೊಲೊಮೋನನು ನ್ಯಾಯತೀರಿಸುವ ವಿವೇಕವನ್ನು ಬೇಡಿ ಪಡೆದ ಮೇಲೆ, ಒಂದು ಮಗುವಿಗಾಗಿ ಜಗಳವಾಡುತ್ತ ಇಬ್ಬರು ಹೆಂಗಸರು ಬರುತ್ತಾರೆ. ನಿಜವಾದ ತಾಯಿ ಯಾರೆಂದು ಆ ಕನಸು ತಿಳಿಸಿರಲಿಲ್ಲ. ಅರಸನು ಇಬ್ಬರನ್ನೂ ಮಾತಾಡಗೊಟ್ಟು, ಇವಳು ಹೀಗೆನ್ನುತ್ತಾಳೆ, ಅವಳು ಹಾಗೆನ್ನುತ್ತಾಳೆ ಎಂದು ಇಬ್ಬರ ವಾದವನ್ನೂ ತಾನೇ ಮತ್ತೆ ಹೇಳಿ, ಆಮೇಲೆ ಮಗುವನ್ನು ಎರಡು ತುಂಡು ಮಾಡಲೆಂದು ಕತ್ತಿ ತರಿಸುತ್ತಾನೆ; ಕೊಲ್ಲಬೇಡಿ, ಅವಳಿಗೇ ಕೊಡಿ ಎಂದವಳೇ ತಾಯಿಯೆಂದು ಆಗ ತಿಳಿಯುತ್ತದೆ. ವಿವೇಕ ಸಿಕ್ಕ ಮೇಲೂ ಅವನು ವಿಚಾರಿಸಿಯೇ ತೀರ್ಮಾನಿಸಿದ.

ಪ್ರಾರ್ಥನೆಯನ್ನು ಖಂಡಿತ ಮುಂದುವರಿಸಿ. ಜೊತೆಗೇ ಅಂಗಡಿಯ ಹಿಂದಿನ ವರ್ಷಗಳ ಜಿಎಸ್‌ಟಿ ರಿಟರ್ನ್‌ಗಳನ್ನೂ ಬಾಕಿ ಸಾಲದ ವಿವರವನ್ನೂ ಕೇಳಿ ಪಡೆದು ಒಬ್ಬ ಲೆಕ್ಕಪರಿಶೋಧಕರಿಗೆ ತೋರಿಸಿ. ನೀವು ಪಾಲುದಾರರಾದ ಮೇಲೆ ಅಂಗಡಿ ಮಾಡುವ ಸಾಲಕ್ಕೆ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ನಿಮ್ಮ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ. ಮನೆಯವರಿಗೆ ಇನ್ನೂ ತಿಳಿಸಿಲ್ಲವೆಂದು ಬರೆದಿದ್ದೀರಲ್ಲ, ಮೊದಲು ಅವರಿಗೆ ಹೇಳಿ.